ಚಳಿಗಾಲದ ಕೆರೆಯಲ್ಲಿ ಐದು ಗಂಟೆ: ಇಂಗ್ಲೆಂಡಿನ ಗಾಳದ ಪಂದ್ಯದಲ್ಲಿ ನನ್ನ ಅನುಭವ

ಜನವರಿಯ ಆ ಭಾನುವಾರ ಏಳೂವರೆಗೆ ಕೆರೆ ಬಳಿ ಕಾರು ನಿಲ್ಲಿಸಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ರಾತ್ರಿ ಮೈನಸ್ ಮೂರಕ್ಕೆ ಇಳಿದಿತ್ತು. ಜೊಂಡಿನ ಬುಡದಲ್ಲೆಲ್ಲ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು, ನಡುವೆ ಮಾತ್ರ ನೀರು ಕಪ್ಪಗೆ ಕಾಣುತ್ತಿತ್ತು. ಇಂಥ ದಿನ ಮೀನು ಬಾಯಿ ತೆರೆಯುತ್ತದೆಯೇ ಎಂದು ಕೇಳಿದರೆ, ತೆರೆಯುತ್ತದೆ. ಆದರೆ ಒಂದೇ ತುತ್ತಿಗೆ. ಆ ಒಂದು ತುತ್ತು ನಮ್ಮ ಗಾಳದಲ್ಲಿರಬೇಕು, ಕೆರೆಯ ತಳದಲ್ಲಿ ಚೆಲ್ಲಿಕೊಂಡಿರಬಾರದು. ಇಷ್ಟು ತಿಳಿಯಲು ನನಗೆ ಎರಡು ಚಳಿಗಾಲ ಬೇಕಾಯಿತು.

ನಾನು ಮಂಡ್ಯ ಕಡೆಯವನು. ಕೊವೆಂಟ್ರಿಗೆ ಬಂದು ಒಂಬತ್ತು ವರ್ಷವಾಯಿತು. ಊರಲ್ಲಿ ಕೆರೆ ಏರಿಯ ಮೇಲೆ ಕೂತು ಬಿದಿರು ಕಡ್ಡಿ, ತಂಗೂಸಿ, ನವಿಲುಗರಿಯ ದಂಟಿನ ಬೆಂಡು, ಎರೆಹುಳು ಇಟ್ಟುಕೊಂಡು ಗಾಳ ಹಾಕಿದವನು. ಇಲ್ಲಿನ ಹಳೆಯ ಗಾಳಗಾರರೂ ಬೆಂಡಿಗೆ ನವಿಲುಗರಿಯ ದಂಟನ್ನೇ ಬಳಸುತ್ತಿದ್ದರು ಎಂದು ಗೊತ್ತಾದ ದಿನ ಇದು ನನ್ನದೇ ಆಟ ಅನ್ನಿಸಿಬಿಟ್ಟಿತು. ಸಾಲ್ಮನ್, ಟ್ರೌಟ್ ಬಿಟ್ಟು ಉಳಿದ ಸಿಹಿನೀರಿನ ಮೀನು ಹಿಡಿಯುವುದಕ್ಕೆ ಇಲ್ಲಿ ಕೋರ್ಸ್ ಫಿಶಿಂಗ್ ಅನ್ನುತ್ತಾರೆ. ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಗಾಳ ಹಾಕುವಂತಿಲ್ಲ. ಬಹುತೇಕ ಕೆರೆಗಳಿಗೆ ಆ ಕಟ್ಟಿಲ್ಲದ ಕಾರಣ ಅಲ್ಲಿ ವರ್ಷವಿಡೀ ಪಂದ್ಯ ನಡೆಯುತ್ತದೆ. ಗಾಳ ಹಾಕಲು ಸರ್ಕಾರದ ಲೈಸೆನ್ಸ್ ಬೇಕು. ನಮ್ಮ ಕೆರೆಯಲ್ಲಿ ಮುಳ್ಳಿಲ್ಲದ ಕೊಕ್ಕೆಯನ್ನೇ ಬಳಸಬೇಕು, ಹಿಡಿದ ಮೀನೆಲ್ಲ ಜೀವಂತವಾಗಿ ನೀರಿಗೆ ವಾಪಸ್ ಹೋಗಬೇಕು. ಪಂದ್ಯ ಮುಗಿಯುವವರೆಗೆ ಮೀನು ನೀರಿಗೆ ಇಳಿಬಿಟ್ಟ ಬಲೆಯಲ್ಲಿರುತ್ತದೆ. ಐದು ಗಂಟೆಯಲ್ಲಿ ಯಾರ ಬಲೆಯಲ್ಲಿ ಹೆಚ್ಚು ತೂಕವೋ ಅವರು ಗೆದ್ದಂತೆ.

ಹಿಂದಿನ ಚಳಿಗಾಲದ ಒಂದು ಪಂದ್ಯ ಹೇಳಲೇಬೇಕು. ಬೇಸಿಗೆಯಲ್ಲಿ ನನಗೆ ಚೆನ್ನಾಗಿ ಮೀನು ಬಿದ್ದಿತ್ತು, ಅದೇ ರೂಢಿಯಲ್ಲಿ ಡಿಸೆಂಬರ್‌ನಲ್ಲೂ ಶುರುವಿಗೇ ಒಂದು ಬಟ್ಟಲು ಪೆಲೆಟ್, ಅಂದರೆ ಕಾಳಿನಂಥ ಒಣ ಮೇವು, ಸುರಿದೆ. ಐದು ಗಂಟೆಗೆ ಸಿಕ್ಕಿದ್ದು ಒಂದೂಕಾಲು ಪೌಂಡ್. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಸಾಮಾನು ಕಟ್ಟುವಾಗ ಹತ್ತಿರ ಬಂದು, "ಮಗಾ, ಇನ್ನಷ್ಟು ಹಾಕೋಕೆ ಯಾವಾಗ ಬೇಕಾದ್ರೂ ಆಗುತ್ತೆ. ಹಾಕಿದ್ದನ್ನ ವಾಪಸ್ ತೆಗೆಯೋಕೆ ಮಾತ್ರ ಆಗಲ್ಲ" ಅಂದರು. ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ. ನೀರು ತಣ್ಣಗಾದಷ್ಟೂ ತಿಂದದ್ದು ನಿಧಾನವಾಗಿ ಅರಗುತ್ತದೆ, ಓಡಾಟವೂ ಕಡಿಮೆ. ಜುಲೈನಲ್ಲಿ ಒಂದು ಬಟ್ಟಲು ಮೇವನ್ನು ನಿಮಿಷಗಳಲ್ಲಿ ಮುಗಿಸುವ ಮೀನಿಗೆ ಜನವರಿಯಲ್ಲಿ ನಾಲ್ಕು ಕಾಳು ಸಾಕು.

ಈ ಸಲ ಅದಕ್ಕೇ ಹಿಂದಿನ ರಾತ್ರಿ ಅಡುಗೆಮನೆಯಲ್ಲೇ ಅರ್ಧ ಪಂದ್ಯ ಆಡಿದೆ. ತಾಜಾ ಬಿಳಿ ಬ್ರೆಡ್ಡಿನ ಅಂಚು ಕತ್ತರಿಸಿ ಮಿಕ್ಸಿಗೆ ಹಾಕಿ, ಜರಡಿ ಹಿಡಿದು ನುಣ್ಣನೆಯ ಪುಡಿ ಮಾಡಿಕೊಂಡೆ. ಇದು ಮೇವು. ಎರೆಗೆ ಬೇರೆ ಹೋಳುಗಳು: ಚಪಾತಿ ಲಟ್ಟಣಿಗೆಯಲ್ಲಿ ಒತ್ತಿ ಚಪ್ಪಟೆ ಮಾಡಿ, ಒಣಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟೆ. ಕೆರೆಯಲ್ಲಿ ಕೂತಾಗ ಹಿತ್ತಾಳೆಯ ಸಣ್ಣ ಪಂಚ್‌ನಿಂದ ಐದು ಮಿಲಿಮೀಟರ್ ಬಿಲ್ಲೆ ಒತ್ತಿ ಕೊಕ್ಕೆಗೆ ಚುಚ್ಚುವುದು. ನೀರಿಗೆ ಬಿದ್ದ ಮೇಲೆ ಅದು ಮೆತ್ತಗೆ ಉಬ್ಬಿಕೊಳ್ಳುತ್ತದೆ. ನಮ್ಮ ಭೀಮೇಶ್ವರಿ, ಗಾಲಿಬೋರೆ ಕಡೆ ಕಾವೇರಿಯಲ್ಲಿ ಮಹಸೀರ್‌ಗೆ ರಾಗಿಹಿಟ್ಟಿನ ಮುದ್ದೆ ಕಟ್ಟುತ್ತಿದ್ದರು. ಹಿಟ್ಟಿನ ಹದ ಕೈಗೆ ಸಿಗಬೇಕು ಅನ್ನುವುದು ಅಲ್ಲಿಗೂ ಇಲ್ಲಿಗೂ ಒಂದೇ. ಅರ್ಧ ಪಿಂಟ್ ನೊಣದ ಹುಳುವೂ ಇತ್ತು. ಅದನ್ನು ಫ್ರಿಜ್ಜಿನಲ್ಲಿಡಲು ಮನೆಯಲ್ಲಿ ಬಿಲ್‌ಕುಲ್ ಒಪ್ಪಿಗೆಯಿಲ್ಲ. "ರೀ, ಹಾಲಿನ ಪಕ್ಕ ಹುಳ ಇಟ್ರೆ ನಾನು ಅಡುಗೆ ಮಾಡಲ್ಲ" ಅಂದಿದ್ದಾಳೆ, ನ್ಯಾಯವೇ. ಚಳಿಗಾಲದಲ್ಲಿ ಹಿತ್ತಲಿನ ಶೆಡ್ಡೇ ಸಾಕಷ್ಟು ತಣ್ಣಗಿರುತ್ತದೆ.

ಒಂಬತ್ತಕ್ಕೆ ಚೀಟಿ ಎತ್ತಿದೆವು. ಹದಿನೆಂಟು ಜನ. ನನಗೆ ಬಂದದ್ದು 14ನೇ ಪೆಗ್. ಪೆಗ್ ಅಂದರೆ ಇಲ್ಲಿ ದಡದಲ್ಲಿ ಗುರುತು ಮಾಡಿದ ಕೂರುವ ಜಾಗ. ಎಲ್ಲರಿಗೂ ಬೇಕಾದದ್ದು ಕಟ್ಟೆಯ ಮೂಲೆ, ಅಲ್ಲಿ ಆಳ ಹೆಚ್ಚು. ನೀರು 4 ಡಿಗ್ರಿಯಲ್ಲಿ ಅತ್ಯಂತ ಭಾರವಾಗಿ ತಳಕ್ಕೆ ಇಳಿಯುತ್ತದೆ. ಮೇಲೆ ಸೊನ್ನೆಯಾಗಿ ಗಡ್ಡೆ ಕಟ್ಟುವಾಗಲೂ ತಳದಲ್ಲಿ ಅಷ್ಟು ಬೆಚ್ಚಗಿರುತ್ತದೆ, ಮೀನು ಅಲ್ಲಿ ಗುಂಪುಗಟ್ಟಿ ನಿಲ್ಲುತ್ತದೆ. ನನ್ನ ಪೆಗ್ ಮಧ್ಯದಲ್ಲಿತ್ತು, ಎಡಗಡೆಯಿಂದ ಈಶಾನ್ಯದ ಗಾಳಿ. ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ದಡದ ಅಂಚಿನ ಗಡ್ಡೆಯನ್ನು ಪಂದ್ಯಕ್ಕೆ ಒಂದು ಗಂಟೆ ಮುಂಚೆಯೇ ಒಡೆದೆ. ಆಮೇಲೆ ಒಡೆದರೆ ಸದ್ದಿಗೆ ಮೀನು ದೂರ ಸರಿಯುತ್ತದೆ.

ಆಮೇಲೆ ಇಪ್ಪತ್ತು ನಿಮಿಷ ಮಾಡಿದ್ದು ಒಂದೇ ಕೆಲಸ, ಆಳ ನೋಡುವುದು. ಪೋಲ್ ಅಂದರೆ ರೀಲ್ ಇಲ್ಲದ ಉದ್ದನೆಯ ಕಾರ್ಬನ್ ಕಡ್ಡಿ. ತುಂಡು ತುಂಡಾಗಿ ಸೇರಿಸಿದರೆ ಹದಿಮೂರು, ಹದಿನಾಲ್ಕು ಮೀಟರ್ ಚಾಚುತ್ತದೆ. ತುದಿಯೊಳಗೆ ರಬ್ಬರ್ ಎಲಾಸ್ಟಿಕ್, ಅದಕ್ಕೆ ದಾರ, ಬೆಂಡು, ಕೊಕ್ಕೆ. ಕೊಕ್ಕೆಗೆ ಭಾರದ ಗುಂಡು ಸಿಕ್ಕಿಸಿ, ಬೆಂಡಿನ ತುದಿ ಸರಿಯಾಗಿ ನೀರಿನ ಮಟ್ಟಕ್ಕೆ ಬರುವವರೆಗೆ ಅದನ್ನು ಮೇಲೆ ಕೆಳಗೆ ಸರಿಸುತ್ತಾ ಹೋದೆ. ಒಂಬತ್ತು ಮೀಟರಿನಲ್ಲಿ ನಾಲ್ಕು ಅಡಿ. ಹನ್ನೊಂದರಲ್ಲಿ ಐದೂವರೆ. ಹನ್ನೊಂದೂವರೆಗೆ ತಳ ಇಳಿಜಾರು ಬಿಟ್ಟು ಸಮತಟ್ಟಾಯಿತು, ಅಲ್ಲಿ ಆರು ಅಡಿ. ಹದಿಮೂರರಲ್ಲೂ ಅದೇ ಆರು, ಆದರೆ ಗುಂಡು ಎತ್ತುವಾಗ ಕೆಸರಿನ ಹಿಡಿತವಿಲ್ಲದೆ ಟಕ್ಕನೆ ಬಂತು. ತಳ ಗಟ್ಟಿ. ಎರಡೂ ಜಾಗದ ಆಳವನ್ನು ಪೋಲಿನ ಮೇಲೆ ಬಿಳಿ ಮಸಿಯಲ್ಲಿ ಗುರುತು ಹಾಕಿಕೊಂಡೆ. ಇಳಿಜಾರು ಮುಗಿದು ಸಮತಟ್ಟು ಶುರುವಾಗುವ ಆ ಗೆರೆಯಲ್ಲೇ ಚಳಿಗಾಲದ ಮೀನು ನಿಲ್ಲುವುದು. ಒಂದಡಿ ಆಚೀಚೆಯಾದರೂ ದಿನ ಹೋದಂತೆಯೇ.

ಬೆಂಡಿನ ವಿಷಯದಲ್ಲೂ ಅಷ್ಟೇ ನಾಜೂಕು. ದಾರಕ್ಕೆ ಸಾಸಿವೆಗಿಂತ ಚಿಕ್ಕ ಗುಂಡುಗಳನ್ನು ಒಂದೊಂದಾಗಿ ಒತ್ತಿ, ಬೆಂಡಿನ ಕೆಂಪು ತುದಿ ಎರಡು ಮಿಲಿಮೀಟರ್ ಮಾತ್ರ ಕಾಣುವಷ್ಟು ಮುಳುಗಿಸಿದೆ. ಈ ಗುಂಡು ಸೀಸದ್ದಲ್ಲ. ಸೀಸದ ಸಣ್ಣ ಗುಂಡನ್ನು ಹಂಸಗಳು ಮರಳಿನ ಹರಳಿನ ಜತೆ ನುಂಗಿ ವಿಷವೇರಿ ಸಾಯುತ್ತಿದ್ದವು, ಅದಕ್ಕಾಗಿ 1987ರಲ್ಲಿ ತೀರಾ ಚಿಕ್ಕವನ್ನು ಬಿಟ್ಟು ಉಳಿದ ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿದರು. ಕೊಕ್ಕೆ 20ನೇ ನಂಬರು, ಕೊನೆಯ ಗೇಣು ದಾರ 0.09 ಮಿಲಿಮೀಟರ್. ಚಳಿಗಾಲದ ನೀರು ಗಾಜಿನಷ್ಟು ತಿಳಿ, ದಪ್ಪ ದಾರ ಮೀನಿನ ಕಣ್ಣಿಗೆ ಬೀಳುತ್ತದೆ.

ಹತ್ತಕ್ಕೆ ಸೀಟಿ. ನಾನು ಪೋಲ್ ಮುಟ್ಟಲಿಲ್ಲ. ಹನ್ನೊಂದೂವರೆ ಮೀಟರಿನ ಜಾಗಕ್ಕೆ ನಿಂಬೆಹಣ್ಣಿನ ಗಾತ್ರದಷ್ಟೂ ಇಲ್ಲದ ಒಂದು ಬ್ರೆಡ್ ಉಂಡೆ ಬಿಟ್ಟು ಅದನ್ನು ಅದರ ಪಾಡಿಗೆ ಬಿಟ್ಟೆ. ರೀಲಿನ ರಾಡ್ ತೆಗೆದು, ಮೇವಿಲ್ಲದೆ, ಬರೀ ಒಂದು ತೂಕದ ಗುಂಡು ಮತ್ತು ಮೂರು ಬ್ರೆಡ್ ಬಿಲ್ಲೆ ಕಟ್ಟಿ ಕೆರೆಯ ನಡುವಿಗೆ ಎಸೆದೆ. ಹದಿನೇಳನೇ ನಿಮಿಷಕ್ಕೆ ರಾಡಿನ ತುದಿ ನಿಧಾನವಾಗಿ ಬಗ್ಗಿತು. ಮೂರೂವರೆ ಪೌಂಡಿನ ಗೆಂಡೆ. ಚಳಿಗೆ ಅದೂ ಜಾಸ್ತಿ ಎಳೆದಾಡಲಿಲ್ಲ. ಮುಂದಿನ ಅರ್ಧ ಗಂಟೆ ಏನೂ ಇಲ್ಲ.

ಹನ್ನೊಂದು ಗಂಟೆಗೆ ಪೋಲ್ ಹಿಡಿದು ಬ್ರೆಡ್ ಬಿಟ್ಟಿದ್ದ ಗೆರೆಗೆ ಬಂದೆ. ಮೊದಲ ಸಲ ಬೆಂಡು ಇಳಿದು ನಿಂತ ಮೇಲೆ ಕೆಂಪು ತುದಿ ಎರಡು ಮಿಲಿಮೀಟರಿನಿಂದ ಒಂದಕ್ಕೆ ಬಂತು. ಮುಳುಗಲಿಲ್ಲ, ಅಲುಗಲಿಲ್ಲ, ಸ್ವಲ್ಪ ಗಿಡ್ಡವಾಯಿತು ಅಷ್ಟೆ. ಎತ್ತಿದೆ. ಎಲಾಸ್ಟಿಕ್ ಮಿಡಿಯಿತು. ರೋಚ್: ಬೆಳ್ಳಿಯ ಮೈ, ಕೆಂಪು ಕಣ್ಣು, ಎರಡೂವರೆ ಔನ್ಸ್. ಊರಲ್ಲಿ ಬೆಂಡು ಗುಳುಂ ಅಂತ ಮುಳುಗುವುದನ್ನು ಕಾದವನಿಗೆ ಈ ಒಂದು ಮಿಲಿಮೀಟರನ್ನು ಓದುವುದಕ್ಕೆ ಕಣ್ಣು ಪಳಗಬೇಕಾಯಿತು. ಈಗ ಅದಕ್ಕಿಂತ ಹಿತವಾದ ದೃಶ್ಯ ನನಗೆ ಬೇರೆ ಇಲ್ಲ. ಮುಂದಿನ ಒಂದೂಕಾಲು ಗಂಟೆಯಲ್ಲಿ ಮೂವತ್ತು ರೋಚ್. ಪ್ರತಿ ಸಲ ಪೋಲನ್ನು ಹಿಂದಿನ ರೋಲರ್ ಮೇಲೆ ಜಾರಿಸಿ, ಮುಂದಿನ ಎರಡು ತುಂಡನ್ನು ಕಳಚಿ, ಮೀನನ್ನು ಕೈಗೆ ತೆಗೆದುಕೊಳ್ಳಬೇಕು. ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳುತ್ತೇನೆ. ಒಣ ಕೈ ತಗುಲಿದರೆ ಮೀನಿನ ಮೈಮೇಲಿನ ಲೋಳೆ ಹೋಗಿ ರೋಗ ಹತ್ತುತ್ತದೆ. ಮೈನಸ್ ಡಿಗ್ರಿಯ ಗಾಳಿಯಲ್ಲಿ ಒದ್ದೆ ಕೈ ಎಂದರೆ ಬೆರಳು ಮರಗಟ್ಟುವುದು ಖಂಡಿತ. ಫ್ಲಾಸ್ಕಿನಲ್ಲಿ ತಂದಿದ್ದ ಮೆಣಸಿನ ಸಾರು ಆ ಹೊತ್ತಿಗೆ ಕುಡಿಯುವುದಕ್ಕಿಂತ ಹಿಡಿದುಕೊಳ್ಳುವುದಕ್ಕೇ ಹೆಚ್ಚು ಬೇಕಾಯಿತು.

ಹನ್ನೆರಡೂಕಾಲಿಗೆ ಕಚ್ಚುವುದು ನಿಂತುಹೋಯಿತು. ಪಂದ್ಯದ ನಿಜವಾದ ಪರೀಕ್ಷೆ ಇದೇ. ಬ್ರೆಡ್ ಪುಡಿಯ ಡಬ್ಬಿ ಮೊಣಕಾಲ ಪಕ್ಕದಲ್ಲೇ ಇದೆ, ಇನ್ನೊಂದು ಉಂಡೆ ಹಾಕು ಎಂದು ಕೈ ತುಡಿಯುತ್ತದೆ. ಎಡಗಡೆ ಪೆಗ್‌ನವರು ದೊಡ್ಡ ಉಂಡೆ ಹಾಕಿದ ಸದ್ದು ಕೇಳಿಸಿತು. ನಾನು ಡಬ್ಬಿಯ ಮುಚ್ಚಳ ಹಾಕಿದೆ. ಮೀನು ಹೋಗಿರುವುದಿಲ್ಲ, ಪದೇ ಪದೇ ಒಂದೊಂದು ಮಾಯವಾಗುವುದನ್ನು ಕಂಡು ಎರಡು ಮೂರು ಮೀಟರ್ ಹಿಂದೆ ಸರಿದಿರುತ್ತದೆ. ಹದಿಮೂರು ಮೀಟರಿನ ಗಟ್ಟಿ ತಳಕ್ಕೆ ಹೋದೆ. ಪೋಲಿನ ತುದಿಯ ಪುಟ್ಟ ಬಟ್ಟಲಲ್ಲಿ ಎಣಿಸಿ ಹನ್ನೆರಡು ಹುಳು ಬಿಟ್ಟು, ಕೊಕ್ಕೆಗೆ ಒಂದೇ ಹುಳು ಹಾಕಿ ಕಾದೆ.

ನಲವತ್ತು ನಿಮಿಷ ಕಾದೆ. ಬೆಂಡು ಒಮ್ಮೆಯೂ ಅಲುಗಲಿಲ್ಲ. ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಬೆಂಡು ಅಡ್ಡಕ್ಕೆ ಜಾರಿತು, ಎತ್ತಿದರೆ ತೂಕ. ಎಫ್-ವನ್ ಎಂಬ ಬೆರಕೆ ಗೆಂಡೆ, ಒಂದು ಪೌಂಡಿನ ಹತ್ತಿರ. ಚಳಿಯಲ್ಲೂ ಬಾಯಿ ಹಾಕುವ ಗುಣಕ್ಕಾಗಿಯೇ ಇದನ್ನು ಪಂದ್ಯದ ಕೆರೆಗಳಿಗೆ ಬಿಡುವುದು. ಮೀನಿಗೊಂದು ಸಲ ಆರು ಹುಳು, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಹೀಗೆ ಐದು ಬಂದವು. ಆರನೆಯದು ಎಲ್ಲಕ್ಕಿಂತ ದೊಡ್ಡದು, ಅದನ್ನು ಕಳೆದುಕೊಂಡೆ. ಪೋಲನ್ನು ಹಿಂದಕ್ಕೆ ಜಾರಿಸಿ ತುಂಡು ಕಳಚಲು ಹೋದರೆ ಕೀಲು ಬಿಡಲೇ ಇಲ್ಲ. ತುಂಡುಗಳ ನಡುವೆ ಇಳಿದ ನೀರು ಹೆಪ್ಪುಗಟ್ಟಿತ್ತು. ತಿರುಚಿ ಒದ್ದಾಡುವಷ್ಟರಲ್ಲಿ ಎಲಾಸ್ಟಿಕ್ ಸಡಿಲವಾಯಿತು, ಮುಳ್ಳಿಲ್ಲದ ಕೊಕ್ಕೆಯಿಂದ ಮೀನು ಕಳಚಿಕೊಂಡಿತು. ಬೆಳಗ್ಗೆಯಿಂದ ಪ್ರತಿ ಸಲವೂ ಕೀಲನ್ನು ಒಣ ಬಟ್ಟೆಯಲ್ಲಿ ಒರೆಸಿದ್ದೆ. ಮೀನು ಬೀಳತೊಡಗಿದ ಆತುರದಲ್ಲಿ ಎರಡು ಸಲ ಬಿಟ್ಟಿದ್ದೆ, ಅಷ್ಟೇ ಸಾಕಾಯಿತು. ಚಳಿಗಾಲದಲ್ಲಿ ಪೋಲ್ ಹಿಡಿಯುವವರು ಎರಡು ಟವೆಲ್ ಇಟ್ಟುಕೊಳ್ಳಿ, ಒಂದು ಮೀನಿನ ಕೈಗೆ, ಒಂದು ಕೀಲಿಗೆ ಮಾತ್ರ.

ಮೂರಕ್ಕೆ ಸೀಟಿ. ಮುಕ್ಕಾಲಿ ತಕ್ಕಡಿ ಹೊತ್ತು ಒಂದೊಂದು ಪೆಗ್‌ಗೂ ಬಂದರು. ನನ್ನದು 12 ಪೌಂಡ್ 9 ಔನ್ಸ್, ಅಂದರೆ ಸುಮಾರು 5 ಕೆಜಿ 700 ಗ್ರಾಂ. ಕಟ್ಟೆಯ ಮೂಲೆಯವರು 21 ಪೌಂಡ್ ದಾಟಿ ಗೆದ್ದರು, ನಾನು ಮೂರನೆಯವನು. ಆ ಕಳೆದುಕೊಂಡ ಮೀನು ಬಂದಿದ್ದರೂ ಎರಡನೆಯವನಾಗುತ್ತಿರಲಿಲ್ಲ, ಲೆಕ್ಕ ಹಾಕಿ ನೋಡಿದ್ದೇನೆ. ತೂಕದ ಚೀಲವನ್ನು ನೀರಿನ ಅಂಚಿಗೆ ಒಯ್ದು ಬಾಯಿ ಬಗ್ಗಿಸಿದೆ. ರೋಚ್‌ಗಳು ಫಳಕ್ಕನೆ ಚದುರಿದವು. ಗೆಂಡೆ ಮಾತ್ರ ನನ್ನ ಬೂಟಿನ ಪಕ್ಕ ಒಂದು ಕ್ಷಣ ನಿಂತು, ಆಮೇಲೆ ಆಳಕ್ಕೆ ತಿರುಗಿತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. "ಎಷ್ಟು ಸಿಕ್ತಪ್ಪಾ?" ಅಂದರು. ಹೇಳಿದೆ. "ಎಲ್ಲಾನೂ ಬಿಟ್ಟು ಬಂದ್ಯಾ?" ಎಂದು ಈ ಸಲವೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀರು ಎಷ್ಟು ಆಳ ಇತ್ತು?" ಅಂದರು. ಆರಡಿ, ಗಟ್ಟಿ ತಳ ಅಂದೆ. "ಹಂಗಾದ್ರೆ ಅಲ್ಲೇ ಇರ್ತವೆ, ಬರೋ ಭಾನುವಾರಾನೂ ಅಲ್ಲೇ ಕೂತ್ಕೊ" ಅಂದರು. ಚೀಟಿ ಎತ್ತಬೇಕು, ಜಾಗ ನಮ್ಮ ಕೈಯಲ್ಲಿಲ್ಲ ಎಂದು ವಿವರಿಸುವಷ್ಟರಲ್ಲಿ ನನ್ನ ಬಲೆಗಳು ನೆನಪಾದವು. ಒಂದು ಕೆರೆಯ ರೋಗ ಇನ್ನೊಂದಕ್ಕೆ ಹೋಗದಂತೆ ತೊಳೆದು ಪೂರ್ತಿ ಒಣಗಿಸಬೇಕು. ಹಿತ್ತಲ ತಂತಿಗೆ ಹಾಕಿ ಬಂದಿದ್ದೆ. ಹೋಗಿ ಮುಟ್ಟಿದರೆ ಸೆಟೆದು ನಿಂತಿದ್ದವು. ಒಳಗೆ ತಂದು ಸ್ನಾನದ ಮನೆಯಲ್ಲಿ ನೇತುಹಾಕಿದೆ.