ಸಭೆಗೆ ಬೇಗ ಹೋಗುವುದು, ತಡವಾಗಿ ಹೊರಡುವುದು

ಕುಡಿತ ಬಿಡುವವರ ಸಭೆ ಸಾಮಾನ್ಯವಾಗಿ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ ನಡೆಯುತ್ತದೆ. ನನಗೆ ಹೆಚ್ಚು ಉಪಕಾರವಾದದ್ದು ಮಾತ್ರ ಅದರ ಹಿಂದುಮುಂದಿನ ಕಾಲು ಗಂಟೆಗಳಿಂದ. ಸಭೆಗೆ ಹೋಗಿಯೂ ಏನೂ ಸಿಗಲಿಲ್ಲ ಎನ್ನುವವರನ್ನು ಕೇಳಿ ನೋಡಿದ್ದೇನೆ. ಅವರಲ್ಲಿ ಬಹಳ ಮಂದಿ ಶುರುವಾದ ಮೇಲೆ ಬಂದು, ಮುಗಿಯುತ್ತಲೇ ಎದ್ದು ಹೋದವರು.

ಸಭೆ ಹುಡುಕುವ ಮೊದಲು ನಾನು ವೈದ್ಯರನ್ನು ಕಂಡೆ. ದಿನವೂ ವಿಪರೀತ ಕುಡಿಯುತ್ತಿದ್ದವರು ಏಕಾಏಕಿ ನಿಲ್ಲಿಸಿದರೆ ಕೈ ನಡುಕ, ಬೆವರಿನ ಜೊತೆಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನಗಳೊಳಗೆ ಭ್ರಮೆ, ಗೊಂದಲ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಇದನ್ನು ಯಾವ ಗುಂಪೂ ಸರಿಪಡಿಸಲಾರದು. ಅದು ಮಾತ್ರೆ, ಬಿ1 ಜೀವಸತ್ವ ಮತ್ತು ವೈದ್ಯರ ನಿಗಾದ ಕೆಲಸ.

ಹುಡುಕಾಟ ಅಷ್ಟೇನೂ ಕಷ್ಟವಲ್ಲ. ಕುಡಿತ ಬಿಡುವವರೇ ಒಬ್ಬರಿಗೊಬ್ಬರು ನೆರವಾಗುವ ಬಳಗವಾದ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ.ಯ ಸಹಾಯವಾಣಿ ಮತ್ತು ಜಾಲತಾಣಗಳಲ್ಲಿ ಸಭೆಗಳ ಪಟ್ಟಿ ಇರುತ್ತದೆ. ಪಟ್ಟಿ ಹಳೆಯದಾಗಿರಬಹುದು ಎಂದು ಫೋನ್ ಮಾಡಿ ಖಚಿತಪಡಿಸಿಕೊಂಡೇ ಹೊರಡುತ್ತಿದ್ದೆ. 'ತೆರೆದ ಸಭೆ'ಗೆ ಯಾರು ಬೇಕಾದರೂ ಬರಬಹುದು, ಮನೆಯವರೂ ಸಹ. 'ಮುಚ್ಚಿದ ಸಭೆ' ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ನಾನು ತೆರೆದ ಸಭೆಯಿಂದ ಶುರುಮಾಡಿದೆ. ಸುಮ್ಮನೆ ಕುಳಿತು ನೋಡಿ ಬರುವವನು ಎಂಬ ನೆಪ ನನಗೆ ಬೇಕಾಗಿತ್ತು. ಹೆಸರು ನೋಂದಾಯಿಸುವ ಪುಸ್ತಕವಿಲ್ಲ, ಶುಲ್ಕವಿಲ್ಲ. ಕಾಣಿಕೆಗೆ ಬುಟ್ಟಿ ಬರುತ್ತದೆ, ಹಾಕಲೇಬೇಕೆಂದಿಲ್ಲ.

ಒಬ್ಬರು ಮಾತಾಡುತ್ತಾರೆ, ಮುಗಿಸುತ್ತಾರೆ, ಮುಂದಿನವರು ಶುರುಮಾಡುತ್ತಾರೆ. ಹಿಂದಿನವರ ಮಾತಿಗೆ ಉತ್ತರವಿಲ್ಲ, ಬುದ್ಧಿವಾದವಿಲ್ಲ. ಸಂಕಟ ತೋಡಿಕೊಂಡವರಿಗೆ ಎರಡು ಸಮಾಧಾನದ ಮಾತನ್ನೂ ಆಡದ ಈ ರೀತಿ ಮೊದಲಿಗೆ ನನಗೆ ನಿರ್ದಯವಾಗಿ ಕಂಡಿತು. ನನ್ನ ಸರದಿ ಬಂದಾಗ ಅದರ ಬೆಲೆ ತಿಳಿಯಿತು: ಯಾರೂ ನನ್ನನ್ನು ತಿದ್ದಲು ಕಾಯುತ್ತಿರಲಿಲ್ಲ. 'ಇವತ್ತು ಕೇಳುತ್ತೇನೆ, ಅಷ್ಟೇ' ಎಂದರೂ ನಡೆಯುತ್ತದೆ. ಮೊದಮೊದಲು ನಾನು ಹೇಳಿದ್ದು ಅದನ್ನೇ.

ಒಂದು ಗುಂಪು ಇನ್ನೊಂದರಂತಿರುವುದಿಲ್ಲ. ಕೆಲವು ಕಡೆ ಪ್ರಾರ್ಥನೆ ಹೆಚ್ಚು, ಕೆಲವು ಕಡೆ ಕುಡಿತದಿಂದ ಹೊರಬರಲು ಎ.ಎ. ಹಾಕಿಕೊಟ್ಟ ಹನ್ನೆರಡು ಹಂತಗಳ ಓದು ಹೆಚ್ಚು, ಕೆಲವು ಕಡೆ ಹಳೆಯ ಕುಡಿತದ ಕಥೆಗಳೇ ರಂಗೇರುತ್ತವೆ. ಈ ಕೊನೆಯ ಬಗೆ ನನಗೆ ಆಗಿಬರಲಿಲ್ಲ. ಹಂತಗಳಲ್ಲಿ ದೇವರ ಮಾತು ಬರುತ್ತದೆ, 'ನಾವು ಅರಿತಂತೆ' ಎಂಬ ವಿನಾಯಿತಿಯೂ ಇದೆ. ನಂಬಿಕೆ ಅಷ್ಟಕ್ಕಷ್ಟೇ ಆದ ನಾನು ಆ ವಿನಾಯಿತಿಯೊಳಗೇ ಉಳಿದುಕೊಂಡಿದ್ದೇನೆ. ಅದೂ ಒಗ್ಗದವರಿಗೆ 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿ ಎಂಬ ಇನ್ನೊಂದು ಬಳಗ ಇದೆ. ಅಲ್ಲಿ ತರಬೇತಿ ಪಡೆದವರು ಸಭೆ ನಡೆಸುತ್ತಾರೆ, ಪರಸ್ಪರ ಚರ್ಚೆಗೆ ಅವಕಾಶವಿದೆ, ಕುಡಿತದ ಲಾಭನಷ್ಟವನ್ನು ಕಾಗದದ ಮೇಲೆ ಬರೆದು ನೋಡುವಂಥ ಅಭ್ಯಾಸಗಳಿವೆ. ಆ ಅಭ್ಯಾಸಗಳನ್ನು ನಾನು ಇಂದಿಗೂ ಬಳಸುತ್ತೇನೆ. ಆದರೂ ಎ.ಎ.ಯಲ್ಲಿ ಉಳಿದದ್ದು ಫೋನ್ ನಂಬರುಗಳಿಗಾಗಿ.

ಆ ನಂಬರುಗಳು ಸಿಗುವುದು ಸಭೆಯ ಹಿಂದುಮುಂದಿನ ಹೊತ್ತಿನಲ್ಲೇ. ಬೇಗ ಹೋಗಿ ಕುರ್ಚಿ ಜೋಡಿಸುವವರ ಜೊತೆ ಕೈಹಾಕಿದರೆ ಪರಿಚಯ ತಾನಾಗಿ ಆಗುತ್ತದೆ; ಕೈಗೆ ಕೆಲಸವಿದ್ದಾಗ ನಾಚಿಕೆ ಕಡಿಮೆ. ಎ.ಎ. ಹುಟ್ಟಿದ್ದೇ ಇಂಥ ಒಂದು ಫೋನ್ ಕರೆಯಿಂದ. 1935ರಲ್ಲಿ ವ್ಯವಹಾರವೊಂದು ಕೈಕೊಟ್ಟು ಅಮೆರಿಕದ ಆಕ್ರನ್‌ನ ಹೋಟೆಲಿನಲ್ಲಿ ಒಬ್ಬಂಟಿಯಾಗಿದ್ದ ಬಿಲ್ ವಿಲ್ಸನ್, ಬಾರಿನತ್ತ ಹೋಗುವ ಬದಲು ತನ್ನಂಥ ಇನ್ನೊಬ್ಬ ಕುಡುಕನನ್ನು ಹುಡುಕಿ ಫೋನ್ ಮಾಡುತ್ತಾ ಹೋದರು. ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಬಿಲ್‌ಗೆ ಅಂದು ಬೇಕಾಗಿದ್ದು ಉಪದೇಶಕನಲ್ಲ, ಜೊತೆಗಾರ. ನಾನು ಏನೂ ತೊಂದರೆಯಿಲ್ಲದ ದಿನಗಳಲ್ಲೇ ಫೋನ್ ಮಾಡುವುದನ್ನು ರೂಢಿಸಿಕೊಂಡೆ. ಕುಡಿಯಬೇಕೆಂಬ ತುಡಿತ ಬಂದ ಸಂಜೆ ಅಪರಿಚಿತ ನಂಬರನ್ನು ಒತ್ತುವಷ್ಟು ಧೈರ್ಯ ಯಾರಿಗೂ ಇರುವುದಿಲ್ಲ.

ಸ್ಪಾನ್ಸರ್ ಆಯ್ಕೆಗೆ ನಾನು ಅವಸರಪಡಲಿಲ್ಲ. ಕುಡಿಯುತ್ತಿದ್ದ ಕಾಲಕ್ಕಿಂತ ಈಗಿನ ಬದುಕಿನ ಬಗ್ಗೆ ಹೆಚ್ಚು ಮಾತಾಡುವವರನ್ನು ಗುರುತಿಟ್ಟುಕೊಂಡು, ಅವರಲ್ಲೊಬ್ಬರನ್ನು ಕೇಳಿದೆ. ಸ್ಪಾನ್ಸರ್ ಎಂದರೆ ವೈದ್ಯನೂ ಅಲ್ಲ, ಸಂಬಳದವನೂ ಅಲ್ಲ; ಇದೇ ದಾರಿಯಲ್ಲಿ ಸ್ವಲ್ಪ ಮುಂದೆ ನಡೆದವನು. ಒಮ್ಮೆ ಒಬ್ಬ ಸದಸ್ಯರು, ಮನೋವೈದ್ಯರು ಕೊಟ್ಟ ಮಾತ್ರೆಗಳನ್ನು ಬಿಟ್ಟುಬಿಡಿ, ಅದೂ ಒಂದು ಚಟವೇ ಎಂದರು. ನಾನು ಬಿಡಲಿಲ್ಲ. ಸದಸ್ಯರು ವೈದ್ಯರಂತೆ ವರ್ತಿಸಬಾರದು ಎಂದು ಎ.ಎ.ಯ ಪ್ರಕಟಣೆಗಳೇ ಹೇಳುತ್ತವೆ.

ಇದೆಲ್ಲ ಕೆಲಸ ಮಾಡುತ್ತದೆಯೇ ಎಂದು ಕೇಳುವವರಿಗೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆಯನ್ನು ಹೇಳುತ್ತೇನೆ. 27 ಅಧ್ಯಯನಗಳನ್ನು ಪರಿಶೀಲಿಸಿದ ಆ ವಿಮರ್ಶೆಯ ಪ್ರಕಾರ, ರೋಗಿಗಳನ್ನು ಎ.ಎ.ಗೆ ಜೋಡಿಸುವ ವ್ಯವಸ್ಥಿತ ಚಿಕಿತ್ಸೆಗಳು ಸತತವಾಗಿ ಕುಡಿಯದೆ ಇರುವ ವಿಷಯದಲ್ಲಿ ಇತರ ಸ್ಥಾಪಿತ ಚಿಕಿತ್ಸೆಗಳಿಗಿಂತ ಮೇಲುಗೈ ಪಡೆದವು. ಮನೆಯವರಿಗೆ ಅಲ್-ಅನಾನ್ ಎಂಬ ಪ್ರತ್ಯೇಕ ಸಭೆಗಳಿವೆ. ನಾವು ಬಿಟ್ಟರೂ ಬಿಡದಿದ್ದರೂ ಅವರು ಹೋಗಬಹುದು.

ಆನ್‌ಲೈನ್ ಸಭೆಗಳಿಗೂ ಹೋಗುತ್ತೇನೆ. ಹೊತ್ತಲ್ಲದ ಹೊತ್ತಿನಲ್ಲೂ ಸಿಗುತ್ತವೆ ಎನ್ನುವುದು ದೊಡ್ಡ ಅನುಕೂಲ. ಕೊರತೆಯೆಂದರೆ, ಅಲ್ಲಿ ಜೋಡಿಸಲು ಕುರ್ಚಿಗಳಿರುವುದಿಲ್ಲ. ಒಂದು ಗುಂಡಿ ಒತ್ತಿದರೆ ಸಭೆ ಮಾಯ. ಹಾಗಾಗಿ, ಔಪಚಾರಿಕ ಭಾಗ ಮುಗಿದ ಮೇಲೂ ಪರದೆಯನ್ನು ತೆರೆದಿಟ್ಟು ಹರಟೆಗೆ ಅವಕಾಶ ಕೊಡುವ ಸಭೆಗಳನ್ನೇ ಆರಿಸಿಕೊಳ್ಳುತ್ತೇನೆ.