ಸೋಲಿನ ಪುಸ್ತಕ ಹಿಡಿದು ಮೂರು ಸಾಮ್ರಾಜ್ಯ ಆಡಿದ್ದು

ಏಜ್ ಆಫ್ ಎಂಪೈರ್ಸ್ 2, ಸಿವಿಲೈಸೇಶನ್ 5, ಯೂರೋಪಾ ಯೂನಿವರ್ಸಾಲಿಸ್ 4 ಈ ಮೂರೂ ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟಗಳನ್ನು ಒಂದೇ ಅಳತೆಗೋಲಿನಿಂದ ಅಳೆಯುತ್ತೇನೆ ಎಂದಾಗ ಜೊತೆಯಲ್ಲಿ ಆಡುವವರು ನಕ್ಕಿದ್ದರು. ಒಂದು ಸೆಕೆಂಡುಗಳ ಓಟ, ಇನ್ನೊಂದು ಸರದಿಯ ಆಟ, ಮತ್ತೊಂದು ಬೇಕೆಂದಾಗ ನಿಲ್ಲಿಸಿ ಯೋಚಿಸುವಂಥದ್ದು. ಇವುಗಳಿಗೆ ಹೋಲಿಕೆ ಎಲ್ಲಿಯದು ಎಂಬುದು ಅವರ ವಾದ. ನಾನು ಪ್ರತಿ ಸೋಲಿನ ನಂತರ ಮೊದಲು ಬರಿದಾದದ್ದು ಯಾವುದೆಂದು ಒಂದು ಸಾಲು ಬರೆದಿಡುತ್ತಾ ಹೋದೆ. ಸುಮಾರು ಅರವತ್ತು ಸಾಲುಗಳಾಗುವ ಹೊತ್ತಿಗೆ ಲೆಕ್ಕ ತಾನಾಗಿಯೇ ಕಣ್ಣಿಗೆ ಬಿತ್ತು.

ಮೊದಲನೆಯದರಲ್ಲಿ ಬರಿದಾಗುತ್ತಿದ್ದದ್ದು ಸಮಯ. ಒಬ್ಬ ವಿಲೇಜರ್‌ಗೆ, ಅಂದರೆ ದುಡಿಯುವ ಆಳಿಗೆ, 50 ಆಹಾರ, 25 ಸೆಕೆಂಡು ಬೇಕು. 25 ಮರದ ಒಂದು ಮನೆ ಕಟ್ಟಲು ಮರೆತು, ಹೊಸಬರಿಗೆ ಜಾಗವಿಲ್ಲದೆ, ಅವರನ್ನು ತಯಾರಿಸುವ ಟೌನ್ ಸೆಂಟರ್ ಎರಡು ನಿಮಿಷ ಸುಮ್ಮನಿದ್ದರೆ ಹೆಚ್ಚುಕಡಿಮೆ ಐವರು ಕೈತಪ್ಪಿದಂತೆ. ಆ ಹೊತ್ತಿನಲ್ಲಿ ಬೆಳೆಯುತ್ತಿದ್ದ ಆಹಾರದ ಅಂಕಿ ನೋಡಿ ಸಿರಿವಂತನಾದೆನೆಂದು ಬೀಗಿದ್ದೇ ನನ್ನ ಹಳೆಯ ತಪ್ಪು. ಮಾರುಕಟ್ಟೆಯಲ್ಲಿ ಕಲ್ಲು ಮಾರಿಯೇ ಬದುಕಬಹುದೇ ಎಂದೂ ಕೆಲವು ಆಟ ಪರೀಕ್ಷಿಸಿದೆ. ಪ್ರತಿ ಮಾರಾಟಕ್ಕೂ ಬೆಲೆ ಕುಸಿಯುವುದರಿಂದ ಅದು ತುರ್ತಿಗೆ ಮಾತ್ರ ಸರಿ.

ಸಿವಿಲೈಸೇಶನ್‌ನಲ್ಲಿ ಜನರ ನೆಮ್ಮದಿ ಬರಿದಾಗುತ್ತಿತ್ತು. ನಗರವೊಂದಕ್ಕೆ 3, ಪ್ರಜೆಯೊಬ್ಬರಿಗೆ 1 ಅಸಮಾಧಾನ. ಏಳನೆಯ ನಗರಕ್ಕೆ ಕೈಹಾಕಿ ಎಲ್ಲ ನಗರಗಳ ಬೆಳವಣಿಗೆಯನ್ನೂ ಕುಂಠಿತಗೊಳಿಸಿಕೊಂಡ ಮೇಲೆ ನಾಲ್ಕಕ್ಕೆ ನಿಂತೆ, ವಿಜ್ಞಾನ ಹೆಚ್ಚಿಸುವ ನ್ಯಾಷನಲ್ ಕಾಲೇಜ್ ಕಟ್ಟಡವನ್ನು ಬೇಗನೆ ಕಟ್ಟಿದೆ, ವಿಜ್ಞಾನದಿಂದ ಗೆದ್ದೆ.

ಹೆಚ್ಚು ಕಾಡಿದ್ದು ಯೂರೋಪಾ. ಆಟ ಶುರುವಾಗುವ 1444ರಲ್ಲಿ ಜರ್ಮನ್ ಸಂಸ್ಥಾನ ಬ್ರಾಂಡೆನ್‌ಬರ್ಗ್ ಹಿಡಿದು, ಒಂದೇ ಸಂಧಾನದಲ್ಲಿ ನಾಲ್ಕು ಪ್ರಾಂತ್ಯ ಕಿತ್ತುಕೊಂಡೆ. ಪವಿತ್ರ ರೋಮನ್ ಸಾಮ್ರಾಜ್ಯದೊಳಗಿನ ಭೂಮಿಗೆ ಅಗ್ರೆಸಿವ್ ಎಕ್ಸ್‌ಪಾನ್ಷನ್, ಅಂದರೆ ನೆರೆಯವರ ಸಿಟ್ಟಿನ ಅಂಕ, ಹೆಚ್ಚೆಂಬುದು ಗೊತ್ತಿದ್ದೂ ದುರಾಸೆ ಬಿಡಲಿಲ್ಲ. ಅದು 50 ದಾಟಿದ ನೆರೆಯವರೆಲ್ಲ ಒಕ್ಕೂಟ ಕಟ್ಟಿ ಮೇಲೆ ಬಿದ್ದಾಗ, ಬಾಡಿಗೆ ಸೈನ್ಯಕ್ಕಾಗಿ ಸಾಲದ ಮೇಲೆ ಸಾಲ ಮಾಡಿದೆ. ತಿಂಗಳ ಡಕಟ್ (ಆಟದ ನಾಣ್ಯ) ಆದಾಯವನ್ನೆಲ್ಲ ಬಡ್ಡಿ ನುಂಗಿ, ಕೊನೆಗೆ ದಿವಾಳಿಯಾದೆ. ಪುಸ್ತಕದಲ್ಲಿ ಮೊದಲು ‘ಹಣ’ ಎಂದು ಬರೆದು, ಮಾರನೆಯ ದಿನ ಅದನ್ನು ಹೊಡೆದುಹಾಕಿ ‘ನೆರೆಯವರ ತಾಳ್ಮೆ’ ಎಂದು ತಿದ್ದಿದೆ. ಆ ಸಿಟ್ಟು ವರ್ಷಕ್ಕೆ ಸುಮಾರು 2ರಂತೆ ಮಾತ್ರ ಇಳಿಯುತ್ತದೆ. ಮುಂದಿನ ಆಟದಲ್ಲಿ ಸಂಧಾನಕ್ಕೆ ಒಂದೋ ಎರಡೋ ಪ್ರಾಂತ್ಯ ಪಡೆದು, ಇಳಿಯುವವರೆಗೆ ಕಾದು, ಅದೇ ಬ್ರಾಂಡೆನ್‌ಬರ್ಗ್‌ನಿಂದ ಪ್ರಷ್ಯಾ ಕಟ್ಟಿದೆ. ಒಂದು ಒಕ್ಕೂಟವೂ ಏಳಲಿಲ್ಲ.

ನಕ್ಕವರಲ್ಲೊಬ್ಬರು ಈಚೆಗೆ ಆ ಪುಸ್ತಕ ಕೇಳಿದರು. ಮೊದಲ ಮೈತ್ರಿ ಯಾರೊಡನೆ ಎಂಬ ಪುಟವೊಂದನ್ನು ತೆಗೆದಿಟ್ಟುಕೊಂಡು, ಉಳಿದದ್ದನ್ನು ಕೊಟ್ಟೆ.