1917ರ ಪಾಠವನ್ನು ನಾನು ಎರಡಾಗಿ ಒಡೆದದ್ದು

ಇತಿಹಾಸ ಪಾಠ ಮಾಡತೊಡಗಿದ ಮೊದಲ ವರ್ಷಗಳಲ್ಲಿ ರಷ್ಯಾದ ಕ್ರಾಂತಿಯನ್ನು ಒಂದೇ ಉಸಿರಿಗೆ ಮುಗಿಸುತ್ತಿದ್ದೆ: ಬಡತನ, ಯುದ್ಧ, ಕೈಲಾಗದ ಝಾರ್ ದೊರೆ, ಕೊನೆಗೆ ಬೊಲ್ಶೆವಿಕ್ ಪಕ್ಷದ ನಾಯಕ ಲೆನಿನ್. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ದೊರೆ ಪಟ್ಟ ಬಿಟ್ಟಾಗ ಲೆನಿನ್ ಸ್ವಿಟ್ಜರ್ಲೆಂಡಿನಲ್ಲಿದ್ದರು. ಹಾಗಾದರೆ ಕೆಳಗಿಳಿಸಿದವರು ಯಾರು?" ಎಂದು ಕೇಳಿದಳು. ನನ್ನ ಟಿಪ್ಪಣಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅರಸೊತ್ತಿಗೆ ಬಿದ್ದದ್ದು ಒಂದು ಪ್ರಶ್ನೆ, ತೀವ್ರವಾದಿಗಳಾದ ಬೊಲ್ಶೆವಿಕರ ಕೈಗೆ ಅಧಿಕಾರ ಸಿಕ್ಕಿದ್ದು ಇನ್ನೊಂದು ಎಂದು ನನಗೆ ಹೊಳೆದದ್ದು ಆಗ.

ಈಗ ಮೊದಲ ದಿನ ಕಪ್ಪುಹಲಗೆಯ ಮೇಲೆ ಎಂಟು ಮನೆ ಎಳೆಯುತ್ತೇನೆ. ರಷ್ಯಾದ ಹಳೆಯ ಕ್ಯಾಲೆಂಡರಿನಂತೆ ಫೆಬ್ರವರಿ 23ರಿಂದ ಮಾರ್ಚ್ 2. ಪ್ರತಿ ಮನೆಗೂ ಒಂದೇ ಪ್ರಶ್ನೆ: ಈ ದಿನ ದೊರೆಯ ಆಜ್ಞೆ ಯಾರ ಮೇಲೆ ನಡೆಯಿತು? 23ರಂದು ರಾಜಧಾನಿ ಪೆಟ್ರೋಗ್ರಾಡ್‌ನ ಜವಳಿ ಗಿರಣಿಗಳ ಮಹಿಳೆಯರು ರೊಟ್ಟಿಗಾಗಿ ಬೀದಿಗಿಳಿದರು. 26ರಂದು ಸೈನಿಕರು ಜನರ ಮೇಲೆ ಗುಂಡು ಹಾರಿಸಿದರು. ಆಜ್ಞೆಗೆ ಇನ್ನೂ ಜೀವವಿತ್ತು. 27ರ ಬೆಳಿಗ್ಗೆ ವೊಲಿನ್ಸ್ಕಿ ರೆಜಿಮೆಂಟ್ ತಿರುಗಿಬಿತ್ತು. ಕೊನೆಯ ಮನೆಯ ಹೊತ್ತಿಗೆ ಸೇನಾಪತಿಗಳೇ ಪಟ್ಟ ಬಿಡಿರೆಂದು ಹೇಳಿದ್ದರು. 1905ರ ಬಂಡಾಯದಲ್ಲಿ ಸೈನ್ಯ ಬಹುಮಟ್ಟಿಗೆ ಜೊತೆಗಿತ್ತು, ದೊರೆ ಉಳಿದ. ಹಸಿವಿನಿಂದ ಜನ ಸಿಡಿದೇಳುತ್ತಾರೆ, ನಿಜ. ಆದರೆ ಕಾವಲಿದ್ದವರು ಕೈಬಿಡದೆ ಸಿಂಹಾಸನ ಬೀಳುವುದಿಲ್ಲವೆಂದೇ ನಾನು ನಂಬಿದ್ದೇನೆ.

ಎರಡನೆಯ ಪಾಠಕ್ಕೆ ಅವಸರ ಸಲ್ಲದು. ಜೂನ್ ತಿಂಗಳಲ್ಲಿ, ಕಾರ್ಮಿಕರ, ಸೈನಿಕರ ಚುನಾಯಿತ ಸಮಿತಿಗಳಾದ ಸೋವಿಯತ್‌ಗಳ ಮಹಾಧಿವೇಶನದಲ್ಲಿ ರೈತರ ಪರ ಪಕ್ಷವಾದ ಸಮಾಜವಾದಿ ಕ್ರಾಂತಿಕಾರಿಗಳು 285, ಸೌಮ್ಯ ಸಮಾಜವಾದಿಗಳಾದ ಮೆನ್ಶೆವಿಕರು 248, ಬೊಲ್ಶೆವಿಕರು ಬರೀ 105 ಪ್ರತಿನಿಧಿಗಳು. ಈ ಅಂಕಿಗಳನ್ನು ಬರೆದಿಟ್ಟು, ಅಕ್ಟೋಬರ್ ಒಳಗೆ ಏನಾಯಿತೆಂದು ಮಕ್ಕಳನ್ನೇ ಹುಡುಕಲು ಬಿಡುತ್ತೇನೆ. ಹುಡುಕಿದಲ್ಲೆಲ್ಲ ಅವರಿಗೆ ಸಿಗುವುದು ಮುಂದೂಡಿಕೆ. ಭೂಮಿಯ ಪ್ರಶ್ನೆಯನ್ನು ಸಂವಿಧಾನ ಸಭೆ ನೋಡಿಕೊಳ್ಳಲಿ ಎಂದಿತು ದೊರೆಯ ನಂತರ ಬಂದ ತಾತ್ಕಾಲಿಕ ಸರ್ಕಾರ. ಆ ಸಭೆಯ ಚುನಾವಣೆಯನ್ನೇ ನವೆಂಬರಿಗೆ ತಳ್ಳಿತು. ಜನ ಶಾಂತಿ ಬೇಡುತ್ತಿದ್ದಾಗ ಜೂನ್‌ನಲ್ಲಿ ಹೊಸ ದಾಳಿ ನಡೆಸಿ ಸೋತಿತು. ಆಗಸ್ಟಿನಲ್ಲಿ ಜನರಲ್ ಕೊರ್ನಿಲೋವ್ ರಾಜಧಾನಿಯತ್ತ ಪಡೆ ಕಳಿಸಿದಾಗ ಅವನನ್ನು ತಡೆಯಲು ಕಾರ್ಮಿಕರ ಕೈಗೆ ಬಂದೂಕು ಬಂತು, ಅದು ಹಿಂದಕ್ಕೆ ಹೋಗಲಿಲ್ಲ. ಸೆಪ್ಟೆಂಬರಿನಲ್ಲಿ ಪೆಟ್ರೋಗ್ರಾಡ್ ಸೋವಿಯತ್‌ನಲ್ಲಿ ಬೊಲ್ಶೆವಿಕರದೇ ಬಹುಮತ. ಅಕ್ಟೋಬರಿನಲ್ಲಿ ಅಧಿಕಾರ ಹಿಡಿದ ಮರುರಾತ್ರಿಯೇ ಅವರು ಶಾಂತಿ ಮತ್ತು ಭೂಮಿಯ ಆಜ್ಞೆಗಳನ್ನು ಹೊರಡಿಸಿದರು.

ಇಲ್ಲಿಗೆ ನಿಲ್ಲಿಸಿದರೆ ಮಕ್ಕಳು ಗೆದ್ದವರನ್ನು ಮೆಚ್ಚಿಕೊಂಡು ಮನೆಗೆ ಹೋಗುತ್ತಾರೆ. ಆದ್ದರಿಂದ ನವೆಂಬರಿನ ಚುನಾವಣೆಯನ್ನೂ ಹಲಗೆಯ ಮೇಲೆ ಬರೆಯುತ್ತೇನೆ: ಬೊಲ್ಶೆವಿಕರಿಗೆ ಸುಮಾರು ಕಾಲು ಭಾಗ ಮತ, ಸಮಾಜವಾದಿ ಕ್ರಾಂತಿಕಾರಿಗಳಿಗೆ ಅದಕ್ಕಿಂತ ಬಹಳ ಹೆಚ್ಚು. 1918ರ ಜನವರಿಯಲ್ಲಿ ಆ ಸಭೆ ಒಮ್ಮೆ ಮಾತ್ರ ಸೇರಿತು. ಮರುದಿನ ಸದಸ್ಯರು ಬಂದಾಗ ಬಾಗಿಲು ಮುಚ್ಚಿತ್ತು.